ಗಟ್ಟಿ ಸ್ಪ್ರಿಂಗು

ನಾಲ್ಕು ಬೆರಳು ಒಳಗೆ ಹೋದವು, ಈಗ ಮೆಕ್ಯಾನಿಕ್ ಓಬಣ್ಣನ ಇಡೀ ಮುಷ್ಟಿಯೇ ಟೈರಿಗೂ ಮಡ್ಗಾರ್ಡಿಗೂ ನಡುವೆ ಆರಾಮಾಗಿ ಹೋಗಿ ಬರುತ್ತಿದೆ, ಎಲಾ ಇವನ, ಬೆಳಿಗ್ಗೆ ನಾವು ಬಂದಾಗ ಅಲ್ಲಿ ಬೆಂಕಿಪೊಟ್ಟಣ ತೂರುತ್ತಿರಲಿಲ್ಲ — ಅಲ್ಲಾಡಬ್ಯಾಡ್ರಿ ಷಣ್ಮುಖಪ್ಪಾರೆ, ಹಂಗೇ ಕುಂತ್ಕಳ್ರಿ, ತೂಕ ಇರ್ಲಿ ಅನ್ನುತ್ತಾನೆ, ಹೌದಪ್ಪ, ನಾನು ತೂಕ, ಚನ್ನಗಿರಿಯಲ್ಲಿ ಮೈಕ್‌ಸೆಟ್ ಷಣ್ಮುಖಪ್ಪ, ಹೊನ್ನಾಳಿಯ ಈ ಗ್ಯಾರೇಜಿನಲ್ಲಿ ಬರೀ ತೂಕ, ನಮ್ಮ ವ್ಯಾಗನ್ ಕಾರಿನ ಹಿಂಭಾಗದ ಬರಿ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೇನೆ, ನನ್ನ ಜಾಗದಲ್ಲಿ ಒಂದು ಚೀಲ ರಾಗಿ ಇಟ್ಟಿದ್ದರೂ ನಡೆಯುತ್ತಿತ್ತು, ರಾಗಿ ಹೀಗೆ ಬೆವರುತ್ತಿರಲಿಲ್ಲ ಅಷ್ಟೆ. ಮುಂದೆ ಸ್ಟೇರಿಂಗ್ ಹಿಡಿದು ಅವಳು, ನನ್ನ ಹೆಂಡತಿ ರುದ್ರಾಣಿ, ಏಳು ತುಂಬಿದ ಹೊಟ್ಟೆ, ಜಾಕಿ ಏರಿಸಿ ಹಳೇ ಸ್ಪ್ರಿಂಗು ಬಿಚ್ಚಿ ಹೊಸದು ಕೂರಿಸುವಷ್ಟು ಹೊತ್ತು ಮಾತ್ರ ಬೇವಿನ ಮರದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದಳು, ಜಾಕಿ ಇಳಿದದ್ದೇ ತಡ ಎದ್ದು ಬಂದು ತನ್ನ ಜಾಗದಲ್ಲಿ ಕೂತುಬಿಟ್ಟಳು, ನಿಧಾನ ಕಣೇ ಅಂದರೆ ನಿಧಾನಾನೇ ರೀ, ನೀವು ಬೆವರು ಒರೆಸ್ಕೊಳ್ರಿ ಅಂದಳು. ಹೊಸದು ಅಂತ ಬಾಯಿಮಾತಿಗೆ ಅನ್ನಬೇಕು, ಯಾವುದೋ ಗಾಡಿಯಲ್ಲಿ ಅರ್ಧ ಆಯುಷ್ಯ ಕಳೆದ ಸ್ಪ್ರಿಂಗು, ಆದರೂ ಗಾಡಿ ಹಿಂಭಾಗ ಎತ್ತಿ ನಿಂತಿರುವ ಠೀವಿ ನೋಡಿದರೆ, ಅಬ್ಬಾ, ನಮ್ಮ ಮದುವೆಯ ದಿನ ಮಾವನವರ ಮನೆ ಮುಂದೆ ನಿಂತಿದ್ದಾಗ ಹೀಗಿತ್ತು.

ಮಾವನವರು ಜಗಳೂರಿನ ಕಂಟ್ರಾಕ್ಟರ್ ಕೊಟ್ರಬಸಪ್ಪ, ಯಾವುದೋ ಗಣಿ ಸಾಹುಕಾರ ಊರು ಬಿಡುವಾಗ ಈ ಬ್ಯೂಕ್ ಕಂಪನಿಯ ವ್ಯಾಗನ್ನನ್ನು ಇವರ ಅಂಗಳದಲ್ಲಿ ಬಿಟ್ಟು ಹೋದನಂತೆ, ಪಕ್ಕಕ್ಕೆಲ್ಲ ಕಟ್ಟಿಗೆ, ಬಾಗಿಲಿಗೆ ಕಟ್ಟಿಗೆ, ಹಿಂದಿನ ಕದಕ್ಕೂ ಕಟ್ಟಿಗೆ, ಜನ ಇವತ್ತಿಗೂ ಕಟ್ಟಿಗೆ ಕಾರು ಅಂತಲೇ ಅನ್ನುತ್ತಾರೆ, ಅದರಲ್ಲಿ ಅವರ ಮಗಳು ಗಾಡಿ ಕಲಿತಳು, ಮಾವ ಮನೆಯ ಹುಡುಗರಿಗೆ ಹೇಳಿಕೊಡುತ್ತಿದ್ದಾಗ ಗೋಡೆ ಮೇಲೆ ಕೂತು ನೋಡಿ ನೋಡಿಯೇ ಕಲಿತಳಂತೆ, ಒಂದು ದಿನ ಅಪ್ಪ ಊಟಕ್ಕೆ ಕೂತಾಗ ಗಾಡಿ ತಗೊಂಡು ಕೆರೆ ಏರಿ ಸುತ್ತಿ ಬಂದು ನಿಲ್ಲಿಸಿದ್ದಾಳೆ, ಮಾವ ಎಡಗೈಯಲ್ಲಿ ಅನ್ನದ ತಟ್ಟೆ ಹಿಡಕೊಂಡೇ ಹೊರಗೆ ಬಂದು ನೋಡಿ, ಬೈಯಲಿಲ್ಲವಂತೆ, ರಿವರ್ಸ್ ಬರ್ತೈತಾ ಅಂತ ಕೇಳಿದರಂತೆ. ಬರ್ತೈತಪ್ಪ. ಅಷ್ಟೇ ಮಾತು. ಮದುವೆಯಲ್ಲಿ ಗಾಡಿಯನ್ನೂ ಕೊಟ್ಟರು, ನನಗಲ್ಲ, ಅವಳಿಗೆ, ನನಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಯಾವುದಾದರೂ ಹಳ್ಳದಲ್ಲಿರುತ್ತಿತ್ತು, ನಾನು ಓಡಿಸುವುದನ್ನು ನೋಡಿ ಅವಳೇ ಒಮ್ಮೆ ಅಂದದ್ದುಂಟು, ರಸ್ತೇಲಿ ಗುಂಡಿ ತಪ್ಪಿಸ್ಕೊಂಡು ಹೋಗೋರ್ನ ನೋಡೀನಿ, ಹುಡುಕ್ಕೊಂಡು ಹೋಗೋರ್ನ ನಿಮ್ಮನ್ನೇ ನೋಡಿದ್ದು. ನನ್ನ ಕೆಲಸ ಹಾರ್ನು ಕಟ್ಟುವುದು, ಆಂಪ್ಲಿಫೈಯರಿನ ಮುಂದೆ ಕೂತು ಹಾಡಿನ ಪ್ಲೇಟು ಹಾಕುವುದು, ಹಲೋ ಹಲೋ ಅನ್ನುವುದು, ಮೈಕು ಇಲ್ಲದಿದ್ದರೆ ನನ್ನ ದನಿ ಪಕ್ಕದ ಮನೆಯ ಬೆಕ್ಕಿಗೂ ಕೇಳುವುದಿಲ್ಲ, ಅವಳಿಗೆ ಮೈಕೇ ಬೇಡ, ನ್ಯಾಮತಿ ಸಂತೆಯಲ್ಲಿ ಈ ತುದಿಯಿಂದ ರೀ ಅಂದರೆ ಆ ತುದಿಯಲ್ಲಿ ಹತ್ತು ಗಂಡಸರು ತಿರುಗಿ ನೋಡಿದರು, ಹತ್ತೂ ಜನರಿಗೆ ಅವರವರ ಹೆಂಡತಿ ಕೂಗಿದ ಹಾಗೇ ಆಯಿತಂತೆ. ಹೋದ ಎಲೆಕ್ಷನ್ನಿನಲ್ಲಿ ಎರಡೂ ಪಾರ್ಟಿಯವರು ನಮ್ಮ ಮೈಕೇ ಬೇಕು ಅಂದರು, ನಮ್ಮ ಮೈಕಲ್ಲ, ಅವರಿಗೆ ಬೇಕಾದದ್ದು ಹೆಂಗಸು ಓಡಿಸುವ ಕಟ್ಟಿಗೆ ಕಾರು, ಅದರ ಹಿಂದೆ ಮಕ್ಕಳು ಓಡಿ ಬರುತ್ತವೆ, ಮಕ್ಕಳ ಹಿಂದೆ ತಾಯಂದಿರು, ಬೆಳಿಗ್ಗೆ ಇವರಿಗೆ, ಸಂಜೆ ಅವರಿಗೆ ಅಂತ ಒಪ್ಪಿಸಿದವಳೂ ಅವಳೇ. ನನಗೆ ಹೆಮ್ಮೆ, ಹೇಳಲಿಕ್ಕೆ ಏನು ನಾಚಿಕೆ, ನನಗೆ ನನ್ನ ಹೆಂಡತಿಯ ಬಗ್ಗೆ ಬಹಳ ಹೆಮ್ಮೆ.

ಆದರೆ ಈ ಸ್ಪ್ರಿಂಗು. ನಮ್ಮ ಕಡೆ ಹಿಂದಿನ ಸ್ಪ್ರಿಂಗು ಅಂದರೆ ಪಟ್ಟಿ, ಲಾರಿಗೆ ಪಟ್ಟಿ, ಬಸ್ಸಿಗೆ ಪಟ್ಟಿ, ಅಂಬಾಸಿಡರಿಗೂ ಪಟ್ಟಿ, ಒಂದು ಮುರಿದರೆ ಯಾವ ಕಮ್ಮಾರನಾದರೂ ಕಾಯಿಸಿ ಬಡಿದು ಕೊಡುತ್ತಾನೆ, ಈ ಮಹಾತಾಯಿಯ ಗಾಡಿಗೆ ಮಾತ್ರ ಹಿಂದೆಯೂ ಸುರುಳಿ, ಕಂಬಳಿಹುಳ ಎದ್ದು ನಿಂತ ಹಾಗೆ ಒಂದೊಂದು ಚಕ್ರಕ್ಕೆ ಒಂದು, ಅವು ವರ್ಷಗಟ್ಟಲೆ ಬ್ಯಾಟರಿ ಹೊತ್ತು ಹಾರ್ನು ಹೊತ್ತು ಸೊಂಟ ಬಿದ್ದು ಹೋಗಿದ್ದವು, ಗಾಡಿ ಹಿಂದೆ ಕುಕ್ಕರಿಸಿಕೊಂಡೇ ಓಡುತ್ತಿತ್ತು. ಶಿವಮೊಗ್ಗದಲ್ಲಿ ಇಲ್ಲ, ದಾವಣಗೆರೆಯಲ್ಲಿ ಇಲ್ಲ, ಕೊನೆಗೆ ಓಬಣ್ಣ ಎಲ್ಲಿಂದಲೋ ಎರಡು ಜೋಡಿ ತರಿಸಿಟ್ಟಿದ್ದೇನೆ ಬನ್ನಿ ಅಂತ ಹೇಳಿಕಳಿಸಿದ, ನಾವು ನಿನ್ನೆ ನ್ಯಾಮತಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಸಾಮಾನಿನ ಸಮೇತ ಇವತ್ತು ಇಲ್ಲಿಗೆ ಬಂದೆವು. ಗೋಣಿಚೀಲದ ಮೇಲೆ ಎರಡೂ ಜೋಡಿ ಮಲಗಿಸಿದ್ದ, ಹೆಣ್ಣು ತೋರಿಸುವವನ ಹಾಗೆ ಒರೆಸಿ ಎಣ್ಣೆ ಹಚ್ಚಿ, ಒಂದು ಜೋಡಿ ಇದೇ ಕಂಪನಿಯ ಸಾದಾ ಕಾರಿನದು, ಸಪೂರ, ಸುತ್ತು ಜಾಸ್ತಿ, ಇದು ಮೆತ್ತಗೆ ಐತಣ್ಣ, ತೊಟ್ಟಿಲಾಗಿ ತೂಗ್ತೈತೆ, ಆದ್ರೆ ಗಾಡಿ ಒಂಚೂರು ಕೆಳಗೆ ಕುಂದರ್ತೈತೆ, ಇನ್ನೊಂದು ಜೋಡಿ ವ್ಯಾಗನ್ನಿನದೇ, ದಪ್ಪ, ಸುತ್ತು ಕಮ್ಮಿ, ಇದು ಗಟ್ಟಿ, ಆನೆ ಕೂರಿಸಿದ್ರೂ ಹಿಂದೆ ಮುಂದೆ ನೋಡಲ್ಲ. ನಾನು ಎರಡನ್ನೂ ಕೈಯಿಂದ ಒತ್ತಿ ನೋಡಿದೆ, ಎರಡೂ ಒಂದು ಕೂದಲಿನಷ್ಟೂ ತಗ್ಗಲಿಲ್ಲ, ನಿಲ್ಲಿಸಿ ಒಂದೊಂದರ ಮೇಲೂ ಕೂತು ನೋಡಿದೆ, ಪಕ್ಕದ ಮಂಡಿಯ ಹಮಾಲರೆಲ್ಲ ನಕ್ಕರು, ನಗಲಿ, ನನ್ನ ಅಂಡಿಗೆ ಏನೂ ತಿಳಿಯಲಿಲ್ಲ ಅಂತ ಅವರಿಗೆ ಹೇಳಲಿಲ್ಲ, ತಲೆ ಆಡಿಸಿ ಎದ್ದು, ಮೆತ್ತಂದೇ ಇರ್ಲಿ ಅಂತ ಇನ್ನೇನು ಬಾಯಿ ತೆರೆಯಬೇಕು, ಮರದ ಕೆಳಗಿಂದ ಬಂತು, ಓಬಣ್ಣಾ, ಗಟ್ಟಿ ಇರೋದು ಹಾಕು.

ಗಟ್ಟಿ ಅಂದರೆ ಯಾವ ಗಟ್ಟಿ ಅಕ್ಕಾರೆ, ಬಾಳಿಕೆಗೆ ಎರಡೂ ಗಟ್ಟಿನೇ ಅಂದ ಓಬಣ್ಣ, ಗಟ್ಟಿ ಅಂದ್ರೆ ಗಟ್ಟಿ ಅಂದಳು ಇವಳು, ಮುಗಿಯಿತು. ಏನು ಮಾತು ಅದು, ಮೊಸರೂ ಗಟ್ಟಿ, ಮುದುಕನೂ ಗಟ್ಟಿ, ಗಂಟೂ ಗಟ್ಟಿ, ಕೂಗಿದ್ದೂ ಗಟ್ಟಿ, ಯಾವುದು ಅಂತ ತಿಳಿಯಬೇಕು ಮನುಷ್ಯ. ನಮ್ಮ ಅವ್ವ ಕಲ್ಲಮ್ಮನ ಬಾಯಲ್ಲೂ ಅದೇ ಮಾತು, ಮೊದಲನೆಯದು ಹೋದಾಗ ನಮ್ಮ ಸೊಸೆಗೆ ಬಸುರು ಗಟ್ಟಿ ನಿಲ್ಲಲ್ಲ ಕಣೋ ಅಂತ ಅಡುಗೆಮನೆಯಲ್ಲಿ ನನಗೆ ಪಿಸುಗುಟ್ಟಿ, ಹೊರಗೆ ಬಂದು ಸೊಸೆಯ ತಲೆ ನೇವರಿಸಿ ಮನಸು ಗಟ್ಟಿ ಮಾಡ್ಕೊಳವ್ವ ಅಂದಳು, ಗೋಡೆಯ ಆ ಕಡೆ ಒಂದು ಗಟ್ಟಿ, ಈ ಕಡೆ ಒಂದು ಗಟ್ಟಿ. ಅದು ಜಗಳೂರಿನ ದಾರಿಯಲ್ಲಿ ಆದದ್ದು, ಐದನೇ ತಿಂಗಳು, ಗಾಡಿ ತುಂಬ ಮದುವೆ ಸಾಮಾನು, ಒಂದು ಮೋರಿ ಇಳಿದು ಏರುವಾಗ ಕೆಳಗಿನಿಂದ ಧಡ್ ಅಂತು, ಸದ್ದಿನಲ್ಲೇ ಬದುಕುವವನು ನಾನು, ಆ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ, ಮನೆ ಮುಟ್ಟುವ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತ್ತು, ಅಲ್ಲಿಯವರೆಗೂ ಅವಳೇ ಓಡಿಸಿದಳು. ಎರಡನೆಯದು ಮನೆಯಲ್ಲೇ, ಅದಕ್ಕೆ ರಸ್ತೆಯೂ ಇಲ್ಲ ಗಾಡಿಯೂ ಇಲ್ಲ, ಸುಮ್ಮನೆ ಒಂದು ಮಧ್ಯಾಹ್ನ. ಇದು ಮೂರನೆಯದು, ಏಳು ತುಂಬಿದೆ, ದಾವಣಗೆರೆಯ ಡಾಕ್ಟರಮ್ಮ ಇಷ್ಟು ದೂರ ಬಂದೈತಲ್ಲ, ಹೆದರಬ್ಯಾಡ್ರಿ, ಆದ್ರೆ ಎತ್ತಿ ಹಾಕೋದೊಂದು ಆಗಬಾರ್ದು ಅಂದಿದ್ದಾರೆ, ಬಾಣಂತನಕ್ಕೆ ಜಗಳೂರಿಗೇ ಹೋಗಬೇಕು, ಇವಳ ಅವ್ವ ನಿರ್ಮಲಮ್ಮನಿಗೆ ಮಂಡಿನೋವು, ಎದ್ದು ಚನ್ನಗಿರಿಗೆ ಬರುವ ಹಾಗಿಲ್ಲ, ಇವಳಿಗೋ ಅವ್ವನ ಕೈಯೇ ಆಗಬೇಕು, ಬಸ್ಸು ಬೇಡ, ನನ್ನ ಡ್ರೈವಿಂಗು ಮೊದಲೇ ಬೇಡ, ಇವತ್ತೇ ಇಲ್ಲಿಂದ ನೇರ ಹೊರಡುವುದು, ಅದೇ ದಾರಿ, ಅದೇ ಮೋರಿ. ಕುಬುಸದ ಶಾಸ್ತ್ರ ಮಾಡೋಣ ಅಂತ ನಮ್ಮ ಅವ್ವ ಕೇಳಿದರೆ ಆ ಮೋರಿ ದಾಟ್ಲಿ ಅತ್ತಿ, ಆಮ್ಯಾಲೆ ಹಸಿರು ಸೀರೆ ತರೋರಂತೆ ಅಂದಳಂತೆ, ನನಗೆ ಹೇಳಿರಲಿಲ್ಲ, ಅವ್ವ ಹೇಳಿದ ಮೇಲೆ ಗೊತ್ತಾದದ್ದು. ಹಂಗಿದ್ದೂ ಗಟ್ಟಿ ಸ್ಪ್ರಿಂಗು ಕೇಳುತ್ತಾಳಲ್ಲ ಶಿವನೇ, ಬಾಣಂತನ ಮುಗಿಸಿ ಬಂದು ಮತ್ತೆ ಮೈಕು ಹೊರಬೇಕು, ಸೀಜನ್ ಬಿಡಬಾರದು ಅಂತ ಯೋಚನೆ ಅವಳದು, ನನಗೆ ಗೊತ್ತಿಲ್ಲವೇ, ಈಗಿನದು ನೋಡೇ ಮಾರಾಯ್ತಿ, ಈಗಿನದು. ಅದಕ್ಕೇ ನಾನೂ ಒಂದು ಉಪಾಯ ಮಾಡಿಕೊಂಡು ಬಂದಿದ್ದೆ, ಸಾಮಾನೆಲ್ಲ ಓಬಣ್ಣನ ಶೆಡ್ಡಿನಲ್ಲಿ ಇಳಿಸಿದ್ದೇನೆ, ಖಾಲಿ ಗಾಡಿ, ಮೆತ್ತನೆ ಸ್ಪ್ರಿಂಗು, ಹೂವಿನ ಹಾಗೆ ಹೋಗೋಣ ಅಂತ. ಓಬಣ್ಣ ಜಾಣ, ಇಬ್ಬರ ಮುಖವನ್ನೂ ನೋಡಿ, ಮೊದ್ಲು ಅಕ್ಕಾರು ಹೇಳಿದ್ದು ಹಾಕಿರ್ತೀನಿ, ಸೇತುವೆತಂಕ ಓಡ್ಸಿ ನೋಡ್ರಿ, ಒಲ್ಲೆ ಅಂದ್ರೆ ಬಿಚ್ಚಿ ಆ ಜೋಡಿ ಹಾಕ್ತೀನಿ ಅಂದ.

ಸ್ಟಾರ್ಟ್ ಆಯಿತು, ಎಂಥ ಸದ್ದು ಇದರ ಇಂಜಿನ್ನಿನದು, ಎಂಟು ಸಿಲಿಂಡರು ಸಾಲಾಗಿ ಕೂತು ಉಸಿರಾಡುತ್ತವೆ, ಒಂದೂ ಇನ್ನೊಂದನ್ನು ತುಳಿಯುವುದಿಲ್ಲ, ಅಂಗಳ ದಾಟಿ ರಸ್ತೆಗೆ ಬಂದಳು, ನಾನು ಹಿಂದೆಯೇ ಕೂತಿದ್ದೇನೆ, ಮುಂದೆ ಬನ್ರಿ ಅಂದಳು, ಬೇಡ, ಹಿಂದಿನ ಸ್ಪ್ರಿಂಗಿನ ಸಮಾಚಾರ ಹಿಂದೆ ಕೂತವನಿಗೆ ತಾನೇ ಗೊತ್ತಾಗೋದು ಅಂದೆ, ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಸೈಕಲ್ ಇಳಿದು ನಿಂತು ಕೈ ಎತ್ತಿದ, ನನಗಲ್ಲ, ಅವಳಿಗೆ, ಕಟ್ಟಿಗೆ ಕಾರಿಗೆ ಸೊಂಟ ಬಂತಲ್ರಕ್ಕಾ ಅಂತ ಕೂಗಿದ, ಅವಳು ನಕ್ಕಿರಬೇಕು, ಹಿಂದಿನಿಂದ ಅವಳ ಕಿವಿಯ ಬೆಂಡೋಲೆ ಅಲ್ಲಾಡಿದ್ದು ಕಾಣಿಸಿತು. ಮೊದಲನೇ ಗುಂಡಿ. ಅಯ್ಯಪ್ಪಾ, ನನ್ನ ತಲೆ ಗಾಡಿಯ ಮರದ ಚಾವಣಿಗೆ ಬಡಿಯಿತು, ಹಲಗೆ ನನ್ನನ್ನು ಎತ್ತಿ ಒಗೆಯಿತು, ಎರಡನೇ ಗುಂಡಿ, ಮತ್ತೆ, ಗಾಡಿ ಕುಣಿಯುತ್ತಿದೆ, ಕೋಳಿಯ ಹಾಗೆ ಹಿಂಭಾಗ ಎಗರಿಸಿಕೊಂಡು ಕುಣಿಯುತ್ತಿದೆ — ಆಗ ನೋಡಿದೆ, ಅವಳ ಎಡಗೈ. ಸ್ಟೇರಿಂಗ್ ಬಿಟ್ಟು ಕೆಳಗೆ ಹೋಯಿತು, ಗೇರಿಗೆ ಅಂದುಕೊಂಡೆ, ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದೆಯಲ್ಲ, ಇಷ್ಟು ಕೆಳಗೆ ಯಾಕೆ ಹೋಗಬೇಕು, ಕೈ ಹೊಟ್ಟೆಯ ಕೆಳಗೆ ಹೋಗಿ, ತುಂಬಿದ ಬಿಂದಿಗೆಯ ಬುಡ ಹಿಡಿಯುತ್ತಾರಲ್ಲ, ಹಾಗೆ ಹಿಡಿಯಿತು, ಗುಂಡಿ ದಾಟಿದ ಮೇಲೆ ಮತ್ತೆ ಸ್ಟೇರಿಂಗಿಗೆ ಬಂತು, ಇನ್ನೊಂದು ಗುಂಡಿ, ಗುಂಡಿ ಬರುವ ಮುಂಚೆಯೇ ಕೈ ಇಳಿಯಿತು. ಎಷ್ಟು ತಿಂಗಳಿಂದ ಹೀಗೆ ಒಂದೇ ಕೈಯಲ್ಲಿ ಈ ಹಡಗು ಓಡಿಸುತ್ತಿದ್ದಾಳೆ, ನಾನು ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಿದ್ದೆ, ಹೊಲ ನೋಡುತ್ತಿದ್ದೆ, ಹಿಂದೆ ತೂಕವಾಗಿ ಕೂತ ಮೇಲೆ ಇದೆಲ್ಲ ಕಾಣಿಸುತ್ತಿದೆ, ಮತ್ತೆ ಇಳಿಯಿತು ಕೈ, ನಿಲ್ಲಿಸೇ! — ಯಾರು ಕೂಗಿದ್ದು, ನಾನೇ, ರಸ್ತೆ ಬದಿಯ ಎಮ್ಮೆಗಳು ಕತ್ತೆತ್ತಿ ನೋಡಿದವು, ಮೈಕಿಲ್ಲದೆ ಹುಟ್ಟಿದಾರಭ್ಯ ನಾನು ಅಷ್ಟು ಗಟ್ಟಿ ಕೂಗಿರಲಿಲ್ಲ.

ನಿಲ್ಲಿಸಿದಳು, ಅವಳೂ ಗಾಬರಿಯಾಗಿ ತಿರುಗಿದಳು, ತಲೆಗೆ ಏಟಾಯ್ತೇನ್ರಿ ಅಂದಳು, ನನ್ನ ತಲೆ ಹಾಳಾಗಿ ಹೋಗಲಿ, ಈ ಸ್ಪ್ರಿಂಗು ಬೇಡ, ವಾಪಸ್ ನಡಿ, ಆ ಮೆತ್ತಂದು ಹಾಕಿಸೋಣ, ಮೈಕು ಹೊರೋದು ಆಮೇಲೆ ನೋಡ್ಕೊಳ್ಳೋಣ, ನಿನ್ನ ಕೈ ನೋಡಿದೆ ನಾನು ಅಂದೆ. ಅವಳು ಇಂಜಿನ್ ಆರಿಸಿದಳು, ಮೈಕಿಗೆ ಅಂತ ತಿಳ್ಕೊಂಡ್ರಾ ನಾನು ಗಟ್ಟಿ ಕೇಳಿದ್ದು ಅಂದಳು, ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದೇ ನಾನು ಕೇಳಿಲ್ಲ, ಮೈಕಿಗಲ್ಲ ರೀ, ಇದಕ್ಕೆ. ಆವತ್ತು ಮೋರೀಲಿ ಧಡ್ ಅಂತಲ್ಲ, ಅದು ಯಾತರ ಸದ್ದು ಹೇಳ್ರಿ, ರಸ್ತೆದಲ್ಲ, ಸ್ಪ್ರಿಂಗು ಮೆತ್ತಗಾಗಿ ಪೂರಾ ಅಮುಕ್ಕೊಂಡು, ಚಕ್ರದ ಅಚ್ಚು ಹೋಗಿ ಗಾಡಿ ಚಾಸಿಗೆ ಹೊಡೀತು, ಕಬ್ಬಿಣ ಕಬ್ಬಿಣಕ್ಕೆ, ಅದು ಸ್ಪ್ರಿಂಗಿಗೆ ಬೀಳ್ಲಿಲ್ಲ, ನೆಟ್ಟಗೆ ನನ್ನ ಬೆನ್ನಿಗೆ ಬಿತ್ತು, ನಾನಲ್ವಾ ಕೂತಿದ್ದೋಳು. ಆ ಸಾದಾ ಕಾರಿನ ಸ್ಪ್ರಿಂಗು ಹಾಕಿದ್ರೆ ಈ ಕಟ್ಟಿಗೆ ಭಾರಕ್ಕೆ ಖಾಲಿ ಇದ್ದಾಗ್ಲೇ ಕುಂತ್ಕಂತೈತೆ, ಓಬಣ್ಣನೇ ಅಂದನಲ್ಲ, ಸಣ್ಣ ಗುಂಡೀಲಿ ತೊಟ್ಟಿಲೇ, ಆ ಮೋರೀಲಿ ಮತ್ತೆ ಧಡ್. ನಂಗೆ ನೂರು ಕುಲುಕಾಟ ಆದ್ರೂ ಆದೀತು, ಆ ಒಂದು ಧಡ್ ಬ್ಯಾಡ. ಇಷ್ಟು ವರ್ಷ ಆ ಸದ್ದನ್ನು ನಾನು ಕಿವಿಯಲ್ಲಿ ಇಟ್ಟುಕೊಂಡಿದ್ದೆ, ಅವಳು ಬೆನ್ನಿನಲ್ಲಿ ಇಟ್ಟುಕೊಂಡಿದ್ದಳು, ಒಂದು ಸಲವೂ ಅನ್ನಲಿಲ್ಲ. ಮತ್ತೆ ಇದು ಕುಣೀತೈತಲ್ಲೇ ಅಂದೆ, ಈಗ ನನ್ನ ದನಿ ಮಾಮೂಲಿಗೆ ಬಂದಿತ್ತು, ಕುಣೀದೆ ಏನು ಮಾಡ್ತೈತೆ, ಖಾಲಿ ಮಾಡ್ಕೊಂಡು ಬಂದೀರಲ್ಲ, ಇದು ಹೊರೆ ಹೊರಾಕೆ ಹುಟ್ಟಿದ್ದು, ಹೊರೆ ಹಾಕ್ರಿ, ಹೆಂಗೆ ತೆಪ್ಪಗಾಗ್ತೈತೆ ನೋಡ್ರಿ, ಮದುವೆ ಆಗೋಕ್ ಮುಂಚೆ ನೀವೂ ಹಿಂಗೇ ಕುಣೀತಿದ್ರಂತೆ ಅತ್ತಿ ಹೇಳಿದ್ರು. ಇಂಥ ಹೊತ್ತಿನಲ್ಲೂ ಇವಳಿಗೆ ನಗಿಸುವುದು ಬರುತ್ತದೆ. ಗಟ್ಟಿಗಿತ್ತಿ ಅಂತ ಊರವರು ಅನ್ನುತ್ತಾರೆ, ಗಾಡಿ ಓಡಿಸುತ್ತಾಳೆ ಅಂತ ಅನ್ನುತ್ತಾರೆ ಅವರು, ಅವರಿಗೇನು ಗೊತ್ತು, ನನಗೇ ಇವತ್ತು ಗೊತ್ತಾಗುತ್ತಿದೆ.

ವಾಪಸ್ ಬಂದು ತುಂಬಿಸಿದೆವು, ನಗುತ್ತಿದ್ದ ಹಮಾಲರೇ ಬಂದು ಕೈ ಹಾಕಿದರು, ಬ್ಯಾಟರಿಗಳು ಅಚ್ಚಿನ ಮೇಲಕ್ಕೆ ಬರಬೇಕು, ತೀರ ಹಿಂದಕ್ಕೆ ಬ್ಯಾಡ, ಹಾರ್ನು ಒಂದರೊಳಗೊಂದು, ಪ್ಲೇಟಿನ ಪೆಟ್ಟಿಗೆ ನಮ್ಮ ಹಾಸಿಗೆ ಸುರುಳಿಯ ಮೇಲೆ, ಅವಳು ಕೂತಲ್ಲಿಂದಲೇ ಹೇಳುತ್ತಾ ಹೋದಳು, ಓಬಣ್ಣ ಮತ್ತೆ ಕೈ ಹಾಕಿ ನೋಡಿದ, ಮುಷ್ಟಿ ಹೋಗಲಿಲ್ಲ, ಬೆರಳು ಹೋದವು, ಭಲೇ ಅಕ್ಕಾರೆ ಈಗ ಸರಿ ಕುಂತೈತೆ ಅಂದ, ಆ ಸಪೂರ ಜೋಡಿಯನ್ನು ಗೋಣಿಯಲ್ಲಿ ಸುತ್ತಿ ಒಳಗೆ ಒಯ್ದ. ಮುಂದೆ ಬನ್ರಿ ಅಂದಳು, ಇಲ್ಲ, ನಾನು ಇಲ್ಲೇ ಕೂರುತ್ತೇನೆ, ನಾನೂ ತೂಕ ಅಂದೆ, ಬ್ಯಾಟರಿಗಳ ನಡುವೆ ಕಾಲು ಮಡಚಿ ಜಾಗ ಮಾಡಿಕೊಂಡೆ. ಈಗ ಹೊರಟಿದ್ದೇವೆ, ಬಸ್‌ಸ್ಟ್ಯಾಂಡು ಹಿಂದೆ ಹೋಯಿತು, ಅದೇ ಮೊದಲನೇ ಗುಂಡಿ, ನಾನು ತಲೆ ತಗ್ಗಿಸಿಕೊಂಡೆ, ಗಾಡಿ ಒಮ್ಮೆ ಬಾಗಿತು, ಎದ್ದಿತು, ಅಷ್ಟೆ, ಹಾರ್ನುಗಳು ಒಂದಕ್ಕೊಂದು ತಾಗಿದ ಸದ್ದೂ ಇಲ್ಲ, ಆದರೂ ಅವಳ ಕೈ ಇಳಿದಿತ್ತು, ಅಭ್ಯಾಸ, ಎರಡನೇ ಗುಂಡಿ, ಕೈ ಅರ್ಧ ಇಳಿದು ನಿಂತಿತು, ಎಲ್ಲಿಗೆ ಹೋಗಬೇಕು ಅಂತ ಯೋಚಿಸುತ್ತಿದೆ ಅನ್ನುವ ಹಾಗೆ, ಮತ್ತೆ ಮೇಲೆ ಹೋಯಿತು. ಹೊಳೆ ಕಾಣುತ್ತಿದೆ, ನೀರು ಕಡಿಮೆ, ಬಂಡೆಗಳ ಮೇಲೆ ಬಟ್ಟೆ ಒಣಹಾಕಿದ್ದಾರೆ, ಸೇತುವೆ ಹತ್ತಿದೆವು, ಸೇತುವೆ ಮುಗಿಯುವಲ್ಲಿ ದೊಡ್ಡ ಗುಂಡಿಯೊಂದಿದೆ, ಸೇತುವೆಯ ಕಲ್ಲಿಗೂ ರಸ್ತೆಯ ಮಣ್ಣಿಗೂ ನಡುವೆ, ಎಲ್ಲ ಬಸ್ಸುಗಳೂ ಅಲ್ಲಿ ಎಗರುತ್ತವೆ, ಮೋರಿಗಿಂತ ಕಡಿಮೆಯದಲ್ಲ ಅದು, ಇಲ್ಲಿ ದಾಟಿದರೆ ಅಲ್ಲೂ ದಾಟುತ್ತದೆ, ರುದ್ರಾಣಿ, ನಿಧಾನ, ಅಂತ ಅವಳಿಗೆ ನಾನು ಹೇಳುವುದೇ, ನಾನು ಅವಳ ಎಡಗೈ ನೋಡುತ್ತಿದ್ದೇನೆ, ಬೆರಳಿಗೆ ಹತ್ತಿದ ಗ್ರೀಸು, ಮುಂಗೈ ಮೇಲೆ ಎದ್ದ ನರ, ಬಂತು, ಬಂತು, ಮುಂದಿನ ಚಕ್ರ ಇಳಿಯಿತು, ಈಗ ಹಿಂದಿನದು, ಕೈ ಸ್ಟೇರಿಂಗಿನ ಮೇಲಿದೆ, ಇಳಿಯಿತು ಗಾಡಿ, ಆಳಕ್ಕೆ, ಇನ್ನೂ ಆಳಕ್ಕೆ, ಕೈ ಸ್ಟೇರಿಂಗಿನ ಮೇಲಿದೆ, ಧಡ್ ಅನ್ನಲಿಲ್ಲ, ಮೆಲ್ಲಗೆ ಎತ್ತಿಕೊಂಡಿತು, ಕೈ, ಎಡಗೈ, ಸ್ಟೇರಿಂಗಿನ ಮೇಲೇ ಇದೆ.